ಉದ್ಯಾನ, ತೋಟ, ಹಿತ್ತಲು: ತಾರಸಿ ಕೃಷಿಯನ್ನು ಕುರಿತ ವಾದಗಳ ವಿಮರ್ಶೆ

೧

ಬೆಂಗಳೂರಿಗೆ ‘ಉದ್ಯಾನ ನಗರಿ’ ಎಂಬ ಬಿರುದು ಬಂದು ಬಹುಕಾಲವಾಯಿತು. ಆ ಬಿರುದಿನಲ್ಲಿರುವ ಶಬ್ದ ‘ಉದ್ಯಾನ’ವೇ ಹೊರತು ‘ತೋಟ’ವಲ್ಲ ಎಂಬುದನ್ನು ಯಾರೂ ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ಇವೆರಡೂ ಏಕಾರ್ಥಕಗಳೆಂದು ನಿಘಂಟು ಹೇಳಬಹುದು. ಬಳಕೆ ಹಾಗೆ ಹೇಳುವುದಿಲ್ಲ. ಉದ್ಯಾನವಿರುವುದು ವಿಹಾರಕ್ಕೆ, ತೋಟವಿರುವುದು ಫಲಕ್ಕೆ. ಉದ್ಯಾನಕ್ಕೆ ಹೋಗುವವನು ಕೈಬೀಸಿಕೊಂಡು ಹೋಗಿ ಕೈಬೀಸಿಕೊಂಡು ಬರುತ್ತಾನೆ. ತೋಟಕ್ಕೆ ಹೋಗುವವನು ಗುದ್ದಲಿ ಹೊತ್ತು ಹೋಗಿ ಕುಕ್ಕೆ ಹೊತ್ತು ಬರುತ್ತಾನೆ. ಈ ಎರಡಕ್ಕೂ ಸೇರದ ಮೂರನೆಯದೊಂದು ನಮ್ಮ ಭಾಷೆಯಲ್ಲಿ ಉಂಟು. ಅದು ಹಿತ್ತಲು: ಮನೆಯ ಬೆನ್ನಿಗೆ ಅಂಟಿಕೊಂಡು, ಬಚ್ಚಲ ನೀರು ತಾನಾಗಿ ಹರಿದು ಸೇರುವ, ಎರಡು ಬಾಳೆ, ಒಂದು ಕರಿಬೇವು, ಒಂದು ನುಗ್ಗೆ, ಬೇಲಿಗೆ ಹಬ್ಬಿದ ಚಪ್ಪರದವರೆ, ಮೂಲೆಯಲ್ಲಿ ದೊಡ್ಡಪತ್ರೆ ಇರುವ ಜಾಗ.

ಈ ಭೇದ ನಮ್ಮ ಸಾಹಿತ್ಯದಲ್ಲಿಯೂ ಕಾಣಬರುತ್ತದೆ. ಮಹಾಕಾವ್ಯದಲ್ಲಿ ಇರತಕ್ಕ ಹದಿನೆಂಟು ವರ್ಣನೆಗಳಲ್ಲಿ ಉದ್ಯಾನಕ್ರೀಡೆಯೂ ಒಂದೆಂದು ಲಾಕ್ಷಣಿಕರು ವಿಧಿಸಿದರು. ನಮ್ಮ ಕವಿಗಳು ಅದನ್ನು ತಪ್ಪದೆ ಪಾಲಿಸಿದರು. ಆದರೆ ಗಿಡದ ಬೇರಿಗೆ ಏನು ಹಾಕಬೇಕು, ಹುಳು ಬಿದ್ದರೆ ಏನು ಮಾಡಬೇಕು ಎಂಬ ವಿಚಾರ ಬೇಕಾದವನು ಕಾವ್ಯವನ್ನು ಬಿಟ್ಟು ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಂಥ ಗ್ರಂಥದ ವೃಕ್ಷಾಯುರ್ವೇದ ಭಾಗಕ್ಕೆ ಹೋಗಬೇಕು. ಒಂದು ಕಣ್ಣಿಗೆ, ಮತ್ತೊಂದು ಕೈಗೆ. ಹಿತ್ತಲಾದರೋ ಕಾವ್ಯಕ್ಕೂ ಶಾಸ್ತ್ರಕ್ಕೂ ಹೆಚ್ಚಾಗಿ ಸಿಕ್ಕಲಿಲ್ಲ. ಅದಕ್ಕೆ ದೊರೆತ ಸ್ಥಾನ ಗಾದೆಯಲ್ಲಿ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಮಾತು ಹಿತ್ತಲಿನ ಮೇಲಿನ ತೀರ್ಪಲ್ಲ. ಹತ್ತಿರವಿರುವುದನ್ನು ಕಡೆಗಣಿಸುವ ಮನುಷ್ಯಸ್ವಭಾವದ ಮೇಲಿನ ತೀರ್ಪು.

ಕಳೆದ ಮೂರು ದಶಕಗಳಿಂದೀಚೆಗೆ ನಮ್ಮ ನಗರಗಳಲ್ಲಿ ಮನೆಯ ತಾರಸಿಯ ಮೇಲೆ ತರಕಾರಿ ಬೆಳೆಯುವ ಪದ್ಧತಿ ಹಬ್ಬಿದೆ. ಹಿಂದೆ ಬಿಸಿಲುಮಚ್ಚು ಎನಿಸಿಕೊಂಡು ಹಪ್ಪಳ ಸಂಡಿಗೆ ಒಣಗಿಸುವುದಕ್ಕೆ ಮೀಸಲಾಗಿದ್ದ ಜಾಗದಲ್ಲಿ ಇಂದು ಬದನೆ, ಬೆಂಡೆ, ಟೊಮ್ಯಾಟೊ, ಬಸಳೆ, ಪಾಲಕ್ ಬೆಳೆಯುತ್ತಿವೆ. ಇದಕ್ಕೆ ‘ತಾರಸಿ ತೋಟ’ ಎಂಬ ಹೆಸರು ನೆಲೆನಿಂತಿದೆ. ಇನ್ನೂ ಮುಂದೆ ಹೋಗಿ ‘ತಾರಸಿ ಕೃಷಿ’, ‘ನಗರ ಕೃಷಿ’ ಎಂದೂ ಕರೆಯುತ್ತಾರೆ. ಈ ಪದ್ಧತಿಯನ್ನು ಕುರಿತು ಬರುತ್ತಿರುವ ಬರವಣಿಗೆ ಕಡಮೆಯದಲ್ಲ. ಅದರಲ್ಲಿ ಮೆಚ್ಚುಗೆ ಹೆಚ್ಚು, ಅಳತೆ ಕಡಮೆ. ಆ ವಾದಗಳನ್ನು ಒಂದೊಂದಾಗಿ ಪರೀಕ್ಷಿಸಿ, ತಾರಸಿಯ ಮೇಲಿನ ಈ ಹಸುರನ್ನು ಯಾವ ಹೆಸರಿನಿಂದ ಕರೆದರೆ ನ್ಯಾಯವಾದೀತು ಎಂಬುದನ್ನು ನಿಶ್ಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೆಸರಿನ ಪ್ರಶ್ನೆ ಬರಿಯ ಶಬ್ದದ ಪ್ರಶ್ನೆಯಲ್ಲ. ಯಾವ ಹೆಸರಿನಿಂದ ಕರೆಯುತ್ತೇವೆಯೋ ಆ ಅಳತೆಗೋಲಿನಿಂದಲೇ ಅಳೆಯಬೇಕಾಗುತ್ತದೆ.

೨

ತಾರಸಿ ತೋಟದ ಪರವಾಗಿ ಸಾಮಾನ್ಯವಾಗಿ ಹೇಳುವ ಮಾತುಗಳು ಮೂರು. ಮೊದಲನೆಯದು, ನಗರ ತನ್ನ ಆಹಾರವನ್ನು ತಾನೇ ಬೆಳೆದುಕೊಳ್ಳಬಹುದು ಎಂಬುದು. ಎರಡನೆಯದು, ಹೀಗೆ ಬೆಳೆದ ಆಹಾರದಿಂದ ಪರಿಸರದ ಮೇಲೆ ಬೀಳುವ ಭಾರ ಕಡಮೆಯಾಗುತ್ತದೆ ಎಂಬುದು. ಮೂರನೆಯದು, ಪೇಟೆಯ ತರಕಾರಿಯಲ್ಲಿರುವ ಔಷಧದ ಶೇಷ, ಕೊಳಚೆಯ ದೋಷ ಮನೆಯ ತರಕಾರಿಯಲ್ಲಿ ಇರುವುದಿಲ್ಲ ಎಂಬುದು.

ಮೊದಲನೆಯ ಮಾತಿಗೆ ವಿದ್ವಾಂಸರ ಬೆಂಬಲವಿಲ್ಲದೆ ಇಲ್ಲ. ಇಟಲಿಯ ಬೊಲೋನ್ಯ ನಗರವನ್ನು ಕುರಿತು ೨೦೧೪ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಪ್ರಸಿದ್ಧವಾದ ಆಧಾರ. ಆ ನಗರದ ತಕ್ಕ ಚಾವಣಿಗಳಲ್ಲೆಲ್ಲ ಬೆಳೆದರೆ ವರ್ಷಕ್ಕೆ ೧೨,೦೦೦ ಟನ್ನುಗಳಿಗೂ ಹೆಚ್ಚು ತರಕಾರಿ ದೊರೆಯುತ್ತದೆ, ಅಲ್ಲಿಯ ಜನರ ತರಕಾರಿ ಅಗತ್ಯದಲ್ಲಿ ನೂರಕ್ಕೆ ೭೭ ಪಾಲು ಪೂರೈಸುತ್ತದೆ ಎಂದು ಅದು ಲೆಕ್ಕ ಹಾಕಿತು. ಈ ಅಂಕಿ ಅನೇಕ ಬರವಣಿಗೆಗಳಲ್ಲಿ ಮರುಕಳಿಸಿದೆ. ಆದರೆ ಮರುಕಳಿಸುವಾಗ ಎರಡು ಪದಗಳು ಉದುರಿಹೋಗುತ್ತವೆ. ಒಂದು, ‘ತರಕಾರಿ’, ಅದು ಆಹಾರದ ನೂರಕ್ಕೆ ೭೭ ಪಾಲಲ್ಲ, ತರಕಾರಿಯ ೭೭ ಪಾಲು. ಮತ್ತೊಂದು, ‘ಎಲ್ಲ’, ಒಂದೂ ಬಿಡದೆ ತಕ್ಕ ಚಾವಣಿಗಳೆಲ್ಲವೂ ತೋಟವಾದಾಗಿನ ಮಾತು ಅದು. ಆಗಬಹುದಾದುದನ್ನು ಆಗಿರುವುದೆಂದು ಓದುವುದು ವಿಮರ್ಶೆಯ ದೃಷ್ಟಿಯಿಂದ ದೊಡ್ಡ ದೋಷ.

ನಮ್ಮ ನಗರದ ಮಟ್ಟಿಗೆ ನಾವೇ ಒಂದು ಸ್ಥೂಲವಾದ ಲೆಕ್ಕ ಹಾಕಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೨೪ರಲ್ಲಿ ಹೊರತಂದ ಆಹಾರಸೂತ್ರಗಳ ಪ್ರಕಾರ ಒಬ್ಬರಿಗೆ ದಿನಕ್ಕೆ ೪೦೦ ಗ್ರಾಂ ತರಕಾರಿ, ಸುಮಾರು ೨೫೦ ಗ್ರಾಂ ಧಾನ್ಯ ಬೇಕು. ನಾಲ್ವರ ಕುಟುಂಬಕ್ಕೆ ವರ್ಷಕ್ಕೆ ತರಕಾರಿ ೫೮೪ ಕಿಲೋ, ಧಾನ್ಯ ೩೬೫ ಕಿಲೋ ಆಯಿತು. ಬೆಂಗಳೂರಿನ ಮಧ್ಯಮವರ್ಗದ ಮನೆ ಸಾಮಾನ್ಯವಾಗಿ ೩೦ ಅಡಿ ಅಗಲ, ೪೦ ಅಡಿ ಉದ್ದದ ನಿವೇಶನದಲ್ಲಿರುತ್ತದೆ. ಅದು ಸುಮಾರು ೧೧೧ ಚದರ ಮೀಟರು. ಮೆಟ್ಟಿಲ ಕೋಣೆ, ನೀರಿನ ತೊಟ್ಟಿ, ಬಟ್ಟೆ ಒಣಗಿಸುವ ಹಗ್ಗ, ಓಡಾಟದ ದಾರಿ ಇಷ್ಟನ್ನೂ ಕಳೆದರೆ ಪಾತಿಗೆ ಉಳಿಯುವುದು ೩೦ ಚದರ ಮೀಟರೆಂದು ಇಟ್ಟುಕೊಳ್ಳೋಣ. ಚದರ ಮೀಟರಿಗೆ ವರ್ಷಕ್ಕೆ ೧೦ ಕಿಲೋ ಬಂದರೆ, ಅದು ಹದವರಿತ ಕೈಗೆ ಬರುವ ಫಲ, ಒಟ್ಟು ೩೦೦ ಕಿಲೋ ಆಗುತ್ತದೆ. ಅಂದರೆ ಮನೆಯ ತರಕಾರಿಯಲ್ಲಿ ಅರ್ಧಕ್ಕೆ ತುಸು ಹೆಚ್ಚು. ಇದು ಅಲ್ಪವಲ್ಲ, ಒಪ್ಪಿ ಮೆಚ್ಚತಕ್ಕದ್ದು.

ಆದರೆ ಧಾನ್ಯದ ಮಾತೇನು? ಹೆಕ್ಟೇರಿಗೆ ೨ ಟನ್ನು ರಾಗಿ ಬೆಳೆಯುತ್ತದೆಂದು ಹಿಡಿದರೂ ಈ ಕುಟುಂಬದ ೩೬೫ ಕಿಲೋ ರಾಗಿಗೆ ೧,೮೨೫ ಚದರ ಮೀಟರು ನೆಲ ಬೇಕು. ಅದು ಒಂದು ಮನೆಯ ತಾರಸಿಯಲ್ಲ. ಅಂಥ ಹದಿನಾರು ನಿವೇಶನಗಳನ್ನು ಮೀರಿದ ವಿಸ್ತಾರ. ಬೇಳೆ, ಎಣ್ಣೆ, ಹಾಲು ಇವುಗಳ ಲೆಕ್ಕವನ್ನು ನಾವು ಇನ್ನೂ ತೆಗೆದಿಲ್ಲ. ಬೆಂಗಳೂರಿನಲ್ಲಿ ೨೦೧೧ರಿಂದ ನಡೆಯತೊಡಗಿದ ತಾರಸಿ ತೋಟದವರ ಸಂತೆಗೆ ‘ಊಟ ಫ್ರಮ್ ಯುವರ್ ತೋಟ’ ಎಂದು ಹೆಸರು. ಆ ಸಂತೆ ಸಾವಿರಾರು ಮನೆಗಳಿಗೆ ಬೀಜವನ್ನೂ ತಿಳಿವಳಿಕೆಯನ್ನೂ ಧೈರ್ಯವನ್ನೂ ಹಂಚಿದೆ. ಅದರ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಪ್ರಾಸದ ಚೆಲುವಿಗಾಗಿ ಇಟ್ಟ ಹೆಸರನ್ನು ತಕ್ಕಡಿಗೆ ಹಾಕುವುದೂ ಸಲ್ಲದು. ಆದರೂ ಶಬ್ದಾರ್ಥವನ್ನು ವಿಚಾರಿಸುವವರಾಗಿ ಒಂದು ಮಾತು ಹೇಳಬೇಕು: ತಾರಸಿ ಕೊಡುವುದು ಊಟವನ್ನಲ್ಲ, ಪಲ್ಯವನ್ನು. ಮುದ್ದೆಯೂ ಅನ್ನವೂ ಎಂದಿನಂತೆ ಹೊಲಗದ್ದೆಗಳಿಂದಲೇ ಬರಬೇಕು.

ಇತರ ದೇಶಗಳ ಅನುಭವವೂ ಇದನ್ನೇ ಸಾರುತ್ತದೆ. ಸಿಂಗಪುರ ದೇಶ ೨೦೩೦ರ ಹೊತ್ತಿಗೆ ತನ್ನ ಪೋಷಣೆಯ ಅಗತ್ಯದಲ್ಲಿ ನೂರಕ್ಕೆ ೩೦ ಪಾಲನ್ನು ತನ್ನಲ್ಲೇ ಬೆಳೆಯುವುದಾಗಿ ೨೦೧೯ರಲ್ಲಿ ಘೋಷಿಸಿತು. ಹಣಕ್ಕೂ ಯಂತ್ರಕೌಶಲಕ್ಕೂ ಕೊರತೆಯಿಲ್ಲದ ನಗರರಾಜ್ಯವದು; ಆದರೂ ೨೦೨೫ರ ನವೆಂಬರಿನಲ್ಲಿ ಆ ಗುರಿಯನ್ನು ಕೈಬಿಟ್ಟು, ೨೦೩೫ಕ್ಕೆ ಬೇರೆಯ ಗುರಿಗಳನ್ನು ಇಟ್ಟುಕೊಂಡಿತು. ಇದಕ್ಕೆ ಪ್ರತಿಯಾಗಿ ಕ್ಯೂಬಾದ ಹವಾನಾ ನಗರವನ್ನು ಎತ್ತಿ ತೋರಿಸುವುದುಂಟು. ಸೋವಿಯತ್ ಒಕ್ಕೂಟ ೧೯೯೧ರಲ್ಲಿ ಮುರಿದುಬಿದ್ದು ಎಣ್ಣೆಯೂ ಗೊಬ್ಬರವೂ ಬಾರದೆ ಹೋದಾಗ ಅಲ್ಲಿಯ ಜನ ನಗರದೊಳಗೇ ತರಕಾರಿ ಬೆಳೆದು ಬದುಕಿದರು ಎಂಬುದು ನಿಜ. ಆದರೆ ಅವರು ಬೆಳೆದುದು ಮುಖ್ಯವಾಗಿ ಖಾಲಿ ನಿವೇಶನಗಳ ನೆಲದಲ್ಲಿ, ಗಿಡ್ಡ ಗೋಡೆ ಕಟ್ಟಿ ಗೊಬ್ಬರ ತುಂಬಿದ ಮಡಿಗಳಲ್ಲಿ. ಆ ನೆಲವನ್ನು ಉಪಯೋಗಿಸಿಕೊಳ್ಳುವ ಹಕ್ಕನ್ನು ಸರ್ಕಾರವೇ ಬೆಳೆಗಾರರಿಗೆ ಕೊಟ್ಟಿತು. ಅಷ್ಟಾದರೂ ಆ ದೇಶ ಇಂದಿಗೂ ತನ್ನ ಆಹಾರದ ಬಹುಪಾಲನ್ನು ಹೊರಗಿನಿಂದ ತರಿಸುತ್ತದೆ. ಹವಾನಾದ ನಿದರ್ಶನ ತಾರಸಿಯ ಪರವಾದ ಸಾಕ್ಷಿಯಲ್ಲ, ನೆಲದ ಪರವಾದ ಸಾಕ್ಷಿ. ಈ ಅಂಶವನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

೩

ಇನ್ನು ಪರಿಸರದ ವಾದ. ಇಲ್ಲಿ ಹಿತ್ತಲಿಗೂ ತಾರಸಿಗೂ ಇರುವ ಒಂದು ಮೂಲಭೂತ ವ್ಯತ್ಯಾಸವನ್ನು ಮೊದಲು ಗುರುತಿಸಬೇಕು. ಹಿತ್ತಲು ಮನೆಗಿಂತ ತಗ್ಗಿನಲ್ಲಿದೆ. ಬಚ್ಚಲ ನೀರು, ಅಕ್ಕಿ ತೊಳೆದ ಕಲಗಚ್ಚು, ಒಲೆಯ ಬೂದಿ, ತರಕಾರಿ ಸಿಪ್ಪೆ ಎಲ್ಲವೂ ಶ್ರಮವಿಲ್ಲದೆ ಅಲ್ಲಿಗೆ ಇಳಿಯುತ್ತಿದ್ದುವು. ತಾರಸಿ ಮನೆಗಿಂತ ಮೇಲಿದೆ. ಅಲ್ಲಿಗೆ ತಾನಾಗಿ ಬರುವುದು ಬಿಸಿಲೂ ಮಳೆಯೂ ಮಾತ್ರ. ಮಣ್ಣು, ಗೊಬ್ಬರ, ನೀರು ಮೂರನ್ನೂ ಏರಿಸಬೇಕು. ಏರಿಸುವುದಕ್ಕೆ ಬೆಲೆಯುಂಟು.

ಮಣ್ಣಿನ ಭಾರವನ್ನು ನೋಡೋಣ. ಓಡಾಡುವ ಚಪ್ಪಟೆ ತಾರಸಿ ಚದರ ಮೀಟರಿಗೆ ಸುಮಾರು ೧೫೦ ಕಿಲೋ ಭಾರ ತಾಳುವಂತಿರಬೇಕೆಂದು ನಮ್ಮ ಕಟ್ಟಡಗಳ ಭಾರತೀಯ ಮಾನಕ ಗೊತ್ತುಮಾಡಿದೆ. ನೀರು ಕುಡಿದ ತೋಟದ ಮಣ್ಣನ್ನು ಒಂದು ಗೇಣಿನಷ್ಟು, ಎಂದರೆ ೨೦ ಸೆಂಟಿಮೀಟರು ದಪ್ಪ, ಹರಡಿದರೆ ಚದರ ಮೀಟರಿಗೆ ಸುಮಾರು ೩೫೦ ಕಿಲೋ ಆಗುತ್ತದೆ. ಮಾನಕ ಹೇಳಿದ ಭಾರದ ಎರಡರಷ್ಟನ್ನೂ ಅದು ಮೀರುತ್ತದೆ. ಆದುದರಿಂದಲೇ ಅನುಭವಿಗಳು ಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನೂ ಗೊಬ್ಬರವನ್ನೂ ಬೆರಸಿ ಹಗುರ ಮಾಡುತ್ತಾರೆ. ಕುಂಡಗಳನ್ನು ತಾರಸಿಯ ನಡುವೆ ಗುಂಪುಗೂಡಿಸದೆ ತೊಲೆಗಳ ಮೇಲೆ, ಗೋಡೆಗಳ ಅಂಚಿಗೆ ಸಾಲಾಗಿ ಇಡುತ್ತಾರೆ. ಹೀಗೆ ಹಗುರವಾದ ಮಿಶ್ರಣ ಬೇಗ ಒಣಗುತ್ತದೆ. ಬೇಗ ಒಣಗುವುದಕ್ಕೆ ಹೆಚ್ಚು ನೀರು ಬೇಕು. ಒಂದು ತೊಡಕನ್ನು ಬಿಡಿಸಿದರೆ ಮತ್ತೊಂದು ಗಂಟು ಬೀಳುತ್ತದೆ.

ನೀರಿನ ಲೆಕ್ಕ ಇನ್ನೂ ಬಿಗಿಯಾದುದು. ಬೇಸಿಗೆಯಲ್ಲಿ ಒಂದು ಚದರ ಮೀಟರು ತರಕಾರಿ ಮಡಿಗೆ ದಿನಕ್ಕೆ ಸುಮಾರು ೫ ಲೀಟರು ಬೇಕೆಂದರೆ, ಮೇಲೆ ಹೇಳಿದ ೩೦ ಚದರ ಮೀಟರಿಗೆ ೧೫೦ ಲೀಟರು. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾದ ನೀರು ೧೩೫ ಲೀಟರೆಂದು ಸರ್ಕಾರದ ಗಣನೆ. ಎಂದರೆ ತಾರಸಿ ತೋಟವು ನೀರಿನ ಮಟ್ಟಿಗೆ ಮನೆಯ ಐದನೆಯ ಸದಸ್ಯ. ಬೆಂಗಳೂರಿನ ಕಾವೇರಿ ನೀರು ಸುಮಾರು ೧೦೦ ಕಿಲೋಮೀಟರು ದೂರದಿಂದ, ಸುಮಾರು ೫೦೦ ಮೀಟರು ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿ ಬರುವ ನೀರು. ೨೦೨೪ರ ಮಾರ್ಚಿನಲ್ಲಿ ಬರದ ಬಿಸಿ ತಟ್ಟಿದಾಗ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಕೂಡದೆಂದು ಆಜ್ಞೆ ಹೊರಡಿಸಿ ೫,೦೦೦ ರೂಪಾಯಿ ದಂಡ ವಿಧಿಸಿತು. ಕುಡಿಯುವ ನೀರನ್ನೇ ನಂಬಿದ ತಾರಸಿ ತೋಟಕ್ಕೆ ನಿಜವಾದ ಪರೀಕ್ಷೆ ನಡೆದುದು ಆ ಬೇಸಿಗೆಯಲ್ಲಿ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ೯೦೦ ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ನಮ್ಮ ಲೆಕ್ಕದ ನಿವೇಶನದ ಮೇಲೆ ಬೀಳುವ ನೀರೇ ಸುಮಾರು ಒಂದು ಲಕ್ಷ ಲೀಟರು. ಮಳೆಯಿಲ್ಲದ ನಾಲ್ಕು ತಿಂಗಳಿಗೆ ಮಡಿಗಳಿಗೆ ಬೇಕಾದುದು ೧೮,೦೦೦ ಲೀಟರು. ಕೊರತೆಯಿರುವುದು ಮಳೆಯಲ್ಲಲ್ಲ, ಹಿಡಿದಿಡುವುದರಲ್ಲಿ. ಮಳೆನೀರು ಸಂಗ್ರಹವನ್ನು ೨೦೦೯ರಲ್ಲಿಯೇ ಕಾನೂನು ಕಡ್ಡಾಯ ಮಾಡಿತು. ಅಡುಗೆಮನೆಯಲ್ಲಿ ತರಕಾರಿ ತೊಳೆದ ನೀರನ್ನು ಕೊಡದಲ್ಲಿ ಹಿಡಿದು ಮೇಲಕ್ಕೆ ಒಯ್ಯುವ ಗೃಹಿಣಿಯರನ್ನೂ ನಾವು ಬಲ್ಲೆವು. ಹಿತ್ತಲಿಗೆ ಇಳಿಜಾರು ಮಾಡುತ್ತಿದ್ದ ಕೆಲಸವನ್ನು ಅವರು ತಮ್ಮ ತೋಳಿನಿಂದ ಮಾಡುತ್ತಿದ್ದಾರೆ. ತಾರಸಿ ತೋಟ ಹಸುರೋ ಅಲ್ಲವೋ ಎಂಬುದು ಎಲೆಯ ಬಣ್ಣದಿಂದ ನಿರ್ಧಾರವಾಗುವುದಿಲ್ಲ. ಬೇರಿಗೆ ಹೋಗುವ ನೀರಿನ ಮೂಲದಿಂದ ನಿರ್ಧಾರವಾಗುತ್ತದೆ.

ಇದೇ ವಿಷಯವನ್ನು ಬೇರೊಂದು ದಿಕ್ಕಿನಿಂದ ತೋರಿಸುವ ಅಧ್ಯಯನವೊಂದು ‘ನೇಚರ್ ಸಿಟೀಸ್’ ಪತ್ರಿಕೆಯಲ್ಲಿ ೨೦೨೪ರ ಜನವರಿಯಲ್ಲಿ ಪ್ರಕಟವಾಯಿತು. ಐದು ದೇಶಗಳ ೭೩ ನಗರ ತೋಟಗಳನ್ನು ಪರಿಶೀಲಿಸಿದ ವಿದ್ವಾಂಸರು, ಅಲ್ಲಿ ಬೆಳೆದ ಆಹಾರದ ಇಂಗಾಲದ ಹೊರೆ ಸಾಮಾನ್ಯ ಕೃಷಿಯ ಆಹಾರದ ಹೊರೆಗಿಂತ ಸರಾಸರಿ ಆರರಷ್ಟು ಎಂದು ಕಂಡರು. ಆ ಐದು ದೇಶಗಳೂ ಯೂರೋಪು ಅಮೆರಿಕಗಳವು. ಆದುದರಿಂದ ಆ ಅಂಕಿಯನ್ನು ಹಾಗೆಯೇ ಎತ್ತಿ ನಮ್ಮ ತಾರಸಿಗೆ ಅಂಟಿಸುವುದು ಯುಕ್ತವಲ್ಲ. ಆದರೆ ಅದಕ್ಕೆ ಅವರು ಕೊಟ್ಟ ಕಾರಣ ನಮಗೂ ಅನ್ವಯಿಸುತ್ತದೆ. ಹೊರೆಯ ದೊಡ್ಡ ಪಾಲು ಗಿಡದಿಂದ ಬಂದುದಲ್ಲ, ಗಿಡವನ್ನು ಹೊತ್ತ ಸಾಮಗ್ರಿಯಿಂದ ಬಂದುದು. ಐದೇ ವರ್ಷ ಬಳಸಿದ ಮಡಿಕಟ್ಟಿನ ಹೊರೆ, ಇಪ್ಪತ್ತು ವರ್ಷ ಬಳಸಿದುದರ ಹೊರೆಯ ಸುಮಾರು ನಾಲ್ಕರಷ್ಟು. ಬಿಸಿಲಿಗೆ ಎರಡು ಮೂರು ವರ್ಷಗಳಲ್ಲಿ ಹರಿದುಹೋಗುವ ಪ್ಲಾಸ್ಟಿಕ್ ಚೀಲವನ್ನು ಮತ್ತೆ ಮತ್ತೆ ಕೊಳ್ಳುವವರು ಇದನ್ನು ಯೋಚಿಸಬೇಕು. ಹಳೆಯ ಬಕೆಟು, ಒಡೆದ ಸಿಂಟೆಕ್ಸ್ ತೊಟ್ಟಿ, ಬಣ್ಣದ ಡಬ್ಬಗಳಲ್ಲಿ ಬೆಳೆಯುವ ಬಡ ತಾರಸಿ, ಹೊಸ ಸಾಮಾನು ತರಿಸಿ ಒಪ್ಪವಾಗಿ ಜೋಡಿಸಿದ ತಾರಸಿಗಿಂತ ಈ ದೃಷ್ಟಿಯಿಂದ ಮೇಲು.

೪

ಮೂರನೆಯದಾದ ಶುದ್ಧ ಆಹಾರದ ವಾದವೇ ನಮ್ಮ ಅಭಿಪ್ರಾಯದಲ್ಲಿ ಮೂರರಲ್ಲಿಯೂ ಬಲವಾದುದು. ಆದರೆ ವಿಮರ್ಶೆಗೆ ಅತ್ಯಗತ್ಯವಾಗಿ ಒಳಗಾಗಬೇಕಾದುದೂ ಅದೇ. ನಗರದ ಕೊಳಚೆ ಹರಿಯುವ ವೃಷಭಾವತಿಯಂಥ ಹೊಳೆಗಳ ಪಕ್ಕದಲ್ಲಿ, ಕಲುಷಿತವಾದ ಕೆರೆಗಳ ಕೆಳಗೆ ಬೆಳೆದ ಸೊಪ್ಪು ತರಕಾರಿಗಳಲ್ಲಿ ಭಾರಲೋಹಗಳಿರುವುದನ್ನು ಹಲವು ಪರೀಕ್ಷೆಗಳು ತೋರಿಸಿವೆ. ಇದನ್ನು ಓದಿ ಬೆದರಿದ ಗೃಹಸ್ಥನು ತನ್ನ ಮಕ್ಕಳಿಗಾಗಿ ತಾರಸಿಯಲ್ಲಿ ನಾಲ್ಕು ಮಡಿ ಸೊಪ್ಪು ಹಾಕಿದರೆ ಅವನನ್ನು ಆಕ್ಷೇಪಿಸುವವರಾರು?

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ಕೊಳಚೆ ಯಾರದು? ಸೊಪ್ಪು ಬೆಳೆದವನದಲ್ಲ, ಸೊಪ್ಪು ತಿನ್ನುವ ನಗರದ್ದು. ಬೆಳೆಗಾರನ ಕೆರೆಗೆ ನಾವೇ ಮೋರಿ ತಿರುಗಿಸಿ, ಬಳಿಕ ಅವನ ಸೊಪ್ಪು ಅಶುದ್ಧವೆಂದು ದೂರಿ, ನಮ್ಮ ಮಟ್ಟಿಗೆ ತಾರಸಿ ಹತ್ತಿ ಪಾರಾದೆವು. ಪಾರಾಗುವುದಕ್ಕೆ ತಾರಸಿ ಸ್ವಂತದ್ದಾಗಿರಬೇಕು. ಬಾಡಿಗೆ ಮನೆಯವನಿಗೆ ತಾರಸಿಯ ಬೀಗದ ಕೈ ಸಿಗುವುದು ಮನೆಯೊಡೆಯನ ಮರ್ಜಿಯಿಂದ. ಶೀಟಿನ ಮನೆಯಲ್ಲಿರುವವನಿಗೆ ತಾರಸಿಯೇ ಇಲ್ಲ. ಅವರು ಅದೇ ಕೊಳಚೆಯ ಸೊಪ್ಪನ್ನು ತಿನ್ನುತ್ತಿದ್ದಾರೆ. ಸಾಮಾಜಿಕ ರೋಗಕ್ಕೆ ಸ್ವಂತದ ಮದ್ದು ಕಂಡುಕೊಂಡವರು ರೋಗವೇ ವಾಸಿಯಾಯಿತೆಂದು ಬರೆಯತೊಡಗಿದರೆ, ಅಲ್ಲಿ ವಿಮರ್ಶಕನು ಮಾತನಾಡಬೇಕಾಗುತ್ತದೆ.

ಬೆಂಗಳೂರಿಗೆ ನಗರ ಕೃಷಿ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ೧೭೬೦ರಲ್ಲಿ ಹೈದರಾಲಿ ಲಾಲ್‌ಬಾಗಿಗೆ ಅಂಕುರಾರ್ಪಣೆ ಮಾಡಿದುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದು ಉದ್ಯಾನದ ಚರಿತ್ರೆ. ಕೆರೆಗಳ ಕೆಳಗೆ ಸೊಪ್ಪು, ಹೂವು, ತರಕಾರಿ ಬೆಳೆದು ಪೇಟೆಗೆ ಹೊತ್ತು ತಂದ ತಿಗಳರದು ತೋಟದ ಚರಿತ್ರೆ. ಅದನ್ನು ಬಲ್ಲವರು ವಿರಳ. ಸಂಪಂಗಿ ಕೆರೆಯ ನೀರಿನಿಂದ ಅವರ ತೋಟಗಳು ಬೆಳೆದುವು. ಇಂದು ಆ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಧರ್ಮಾಂಬುಧಿ ಕೆರೆಯಿದ್ದ ಕಡೆ ಕೆಂಪೇಗೌಡ ಬಸ್ಸು ನಿಲ್ದಾಣವಿದೆ. ತಿಗಳರು ಇಂದಿಗೂ ವರ್ಷಕ್ಕೊಮ್ಮೆ ಧರ್ಮರಾಯನ ಗುಡಿಯ ಕರಗವನ್ನು ಹೊರುತ್ತಾರೆ. ಆ ವಿಧಿಗಾಗಿ ಸಂಪಂಗಿ ಕೆರೆಯ ನೆನಪಿಗೆ ಒಂದು ಮೂಲೆಯಲ್ಲಿ ಸಣ್ಣದೊಂದು ಕೊಳ ಉಳಿದಿದೆ. ತೋಟ ಹೋಯಿತು, ಕೆರೆ ಹೋಯಿತು, ಕರಗ ಉಳಿಯಿತು. ನಗರವು ತೋಟಗಾರನ ಉತ್ಸವವನ್ನು ಇಟ್ಟುಕೊಂಡು ಅವನ ಕಸುಬನ್ನು ಕಳೆದುಹಾಕಿತು.

ಈ ನಷ್ಟ ಹಳೆಯ ಕಾಲಕ್ಕೆ ಮುಗಿದುಹೋದುದಲ್ಲ. ೧೯೭೩ರಿಂದ ೨೦೧೦ರ ವರೆಗಿನ ಅವಧಿಯಲ್ಲಿ ಬೆಂಗಳೂರಿನ ಕಟ್ಟಡ ಪ್ರದೇಶ ನೂರಕ್ಕೆ ೫೮೪ರಷ್ಟು ಹೆಚ್ಚಿ, ಹಸುರು ನೂರಕ್ಕೆ ೬೬ರಷ್ಟೂ ಜಲಾಶಯಗಳು ನೂರಕ್ಕೆ ೭೪ರಷ್ಟೂ ಕುಗ್ಗಿದುವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರೂ ಅವರ ಸಂಗಡಿಗರೂ ಲೆಕ್ಕ ತೆಗೆದರು. ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ಗುಲಾಬಿ ಈರುಳ್ಳಿ, ದೇವನಹಳ್ಳಿಯ ಚಕ್ಕೋತ ಇವುಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಮಾನ್ಯತೆ ಹೆಸರನ್ನು ಕಾಯುತ್ತದೆ, ನೆಲವನ್ನು ಕಾಯುವುದಿಲ್ಲ. ೨೦೦೮ರಲ್ಲಿ ವಿಮಾನನಿಲ್ದಾಣ ತೆರೆದ ಮೇಲೆ ದೇವನಹಳ್ಳಿಯ ಸುತ್ತಲ ನೆಲಕ್ಕೆ ಬಂದ ಬೆಲೆಯನ್ನು ಯಾವ ಚಕ್ಕೋತ ಮರ ತಾನೇ ತೆರಬಲ್ಲುದು? ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ ೧೯೫೯ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ, ಮುಂದೆ ಹಾಪ್‌ಕಾಮ್ಸ್ ಎಂದು ಮನೆಮಾತಾದ ಸಂಸ್ಥೆ, ಊರ ಸುತ್ತಲಿನ ಬೆಳೆಗಾರನಿಗೂ ಊರೊಳಗಿನ ಗಿರಾಕಿಗೂ ಸೇತುವೆ ಹಾಕಿತು. ನಗರದ ಊಟದ ವಿಚಾರದಲ್ಲಿ ಆ ಬಗೆಯ ಸೇತುವೆಯ ಪಾತ್ರ ಎಷ್ಟೋ ತಾರಸಿಗಳ ಪಾತ್ರಕ್ಕಿಂತ ದೊಡ್ಡದು. ಆದರೂ ಇಂದಿನ ನಗರ ಕೃಷಿಯ ಬರವಣಿಗೆಯಲ್ಲಿ ಅದರ ಉಲ್ಲೇಖ ಅಪೂರ್ವ.

ನಮ್ಮ ವಾದಕ್ಕೆ ಭಾಷೆಯೂ ಸಾಕ್ಷಿ ಹೇಳುತ್ತದೆ. ಕೆರೆ ಕೆಳಗಿನ ತೋಟಗಾರನ ಬಾಯಲ್ಲಿ ಏತ, ಕಪಿಲೆ, ತೂಬು, ಮಡಿ, ಪಾತಿ, ಒಟ್ಟಲು, ಪೈರು ಮುಂತಾದ ಮಾತುಗಳು ಸಮೃದ್ಧವಾಗಿದ್ದುವು. ತಾರಸಿ ತೋಟದವನ ಮಾತು ಗ್ರೋ ಬ್ಯಾಗು, ಕೋಕೋಪೀಟು, ಪಾಟಿಂಗ್ ಮಿಕ್ಸು, ಸೀಡ್ಲಿಂಗ್ ಟ್ರೇ. ಪರಭಾಷೆಯ ಶಬ್ದಗಳು ಬಂದುವೆಂದು ನಾವು ಮೂಗು ಮುರಿಯುವುದಿಲ್ಲ. ಶಬ್ದ ವಸ್ತುವಿನ ಬೆನ್ನು ಹಿಡಿದು ಬರುತ್ತದೆ. ಆದರೆ ಇಲ್ಲಿ ವಸ್ತುಗಳೆಲ್ಲ ಅಂಗಡಿಯಿಂದ ಬಂದುವು, ನೆರೆಯ ತೋಟಗಾರನಿಂದ ಒಂದೂ ಬರಲಿಲ್ಲ ಎಂಬುದನ್ನು ಆ ಶಬ್ದಗಳು ಬಯಲುಮಾಡುತ್ತವೆ. ಒಂದೇ ಊರಿನಲ್ಲಿ, ಒಂದೇ ಶತಮಾನದಲ್ಲಿ, ಮಾತು ಬಲ್ಲವರು ನೆಲ ಕಳೆದುಕೊಂಡರು. ತಾರಸಿ ಉಳ್ಳವರು ಆ ಮಾತನ್ನು ಕೇಳದೆಯೇ ಕೃಷಿಯನ್ನು ಮೊದಲಿನಿಂದ ಕಲಿಯತೊಡಗಿದರು.

೫

ಹಾಗಾದರೆ ತಾರಸಿ ತೋಟಕ್ಕೆ ಬೆಲೆಯಿಲ್ಲವೇ? ಉಂಟು, ಅದಕ್ಕೆ ಸಲ್ಲುವ ಹೆಸರಿನಿಂದ ಕರೆದಾಗ ಉಂಟು. ಅದು ಹೊಲವಲ್ಲ, ತೋಟವೂ ಅಲ್ಲ. ನೆಲ ಕಳೆದುಕೊಂಡು ಮೇಲೇರಿದ ಹಿತ್ತಲು. ಹಿತ್ತಲಿನ ಅಳತೆಯಿಂದ ಅಳೆದರೆ ಅದರಲ್ಲಿ ಕೊರತೆಗಿಂತ ಗುಣವೇ ಹೆಚ್ಚು. ಅಡುಗೆಮನೆಯ ಹಸಿ ಕಸ ರಸ್ತೆಯ ಮೂಲೆಗೆ ಹೋಗದೆ ಗೊಬ್ಬರವಾಗುತ್ತದೆ. ಮೇಲಂತಸ್ತಿನ ಕೋಣೆಗೆ ಬಿಸಿಲಿನ ಕಾವು ತುಸು ಇಳಿಯುತ್ತದೆ. ಜೇನುನೊಣಕ್ಕೆ ಹೂ ಸಿಗುತ್ತದೆ. ನಿವೃತ್ತರಾದ ಹಿರಿಯರಿಗೆ ಬೆಳಗಿನ ಹೊತ್ತು ಒಂದು ಕರ್ತವ್ಯ ದೊರೆಯುತ್ತದೆ. ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಓಡಿಹೋಗಿ ನಾಲ್ಕೆಸಳು ಕರಿಬೇವು ಕಿತ್ತು ತರುವ ಸೌಕರ್ಯವನ್ನು ಯಾವ ಅಂಗಡಿ ಕೊಟ್ಟೀತು? ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಬದನೆ ಗಿಡ ಕಾಯಿ ಬಿಡುವುದಕ್ಕೆ ಎಷ್ಟು ದಿನ, ಎಷ್ಟು ನೀರು, ಎಷ್ಟು ಹುಳುವಿನ ಕಾಟ ಎಂಬುದು ಕೈಯಾರೆ ತಿಳಿಯುತ್ತದೆ. ಹೀಗೆ ತಿಳಿದವನು ಮಾರುಕಟ್ಟೆಯಲ್ಲಿ ಒಂದು ಕಟ್ಟು ಸೊಪ್ಪಿಗೆ ಎರಡು ರೂಪಾಯಿ ಚೌಕಾಸಿ ಮಾಡುವಾಗ ಅವನ ನಾಲಗೆ ತಡವರಿಸಬೇಕು. ತಡವರಿಸಿದರೆ ತಾರಸಿ ತೋಟ ಸಾರ್ಥಕವಾಯಿತು.

ಇಲ್ಲಿಯೇ ನಮ್ಮ ಮುಖ್ಯ ಅಭಿಪ್ರಾಯವಿದೆ. ತಾರಸಿ ತೋಟದ ಯೋಗ್ಯತೆಯನ್ನು ಅದು ಕೊಟ್ಟ ಕಿಲೋಗಳಿಂದ ಅಳೆಯತಕ್ಕದ್ದಲ್ಲ. ಅದು ತನ್ನ ಒಡೆಯನ ದೃಷ್ಟಿಯನ್ನು ತಾರಸಿಯಿಂದ ಕೆಳಗಿಳಿಸಿತೇ, ಊರ ಸುತ್ತ ಉಳಿದಿರುವ ತೋಟದ ಕಡೆಗೆ, ಕೆರೆಯ ಕಡೆಗೆ ತಿರುಗಿಸಿತೇ ಎಂಬುದರಿಂದ ಅಳೆಯತಕ್ಕದ್ದು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ೨೦೧೮ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಆ ನೀರು ಎಷ್ಟು ಶುದ್ಧವಾಗಿ ಹೋಗಬೇಕೆಂಬ ಚರ್ಚೆ ಅಂದಿನಿಂದ ನಡೆದು ಬಂದಿದೆ. ಆ ನೆಲದ ಟೊಮ್ಯಾಟೊ ಮರಳಿ ನಮ್ಮ ಪೇಟೆಗೇ ಬರುತ್ತದೆ. ತಾರಸಿಯಲ್ಲಿ ಶುದ್ಧವಾದ ನಾಲ್ಕು ಟೊಮ್ಯಾಟೊ ಬೆಳೆದವರು ಈ ಚರ್ಚೆಯಲ್ಲಿ ಕೋಲಾರದ ರೈತನ ಜೊತೆಗೆ ನಿಲ್ಲಬೇಕಾದವರು. ನಿಂತರೆ ಅವರ ಹಿತ್ತಲು ನಗರಕ್ಕೆ ಉಪಕಾರಿ. ನಿಲ್ಲದಿದ್ದರೆ ಅದು ಗೋಡೆ ಕಟ್ಟಿದ ಉದ್ಯಾನ.

ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಎರಡು ಸೂಚನೆಗಳನ್ನು ಮುಂದಿಟ್ಟು ವಿರಮಿಸುತ್ತೇವೆ. ನಮ್ಮ ಕಾಲೇಜುಗಳಲ್ಲಿ ತಾರಸಿಗಳಿಗೆ ಕೊರತೆಯಿಲ್ಲ. ಒಂದು ಕಾಲೇಜು ಒಂದು ವರ್ಷ ಹತ್ತು ಚದರ ಮೀಟರು ಬೆಳೆದು, ಹಾಕಿದ ನೀರು, ಕೊಂಡ ಸಾಮಾನು, ಕಳೆದ ಗಂಟೆ, ಬಂದ ಫಲ ಇಷ್ಟನ್ನೂ ಬಿಡದೆ ಬರೆದಿಟ್ಟರೆ, ಇಂದು ಊಹೆಯಿಂದ ನಡೆಯುತ್ತಿರುವ ಚರ್ಚೆಗೆ ಒಂದು ಗಟ್ಟಿಯಾದ ನೆಲೆ ದೊರೆಯುತ್ತದೆ. ಮೇಲಿನ ನಮ್ಮ ಲೆಕ್ಕವೂ ಆಗ ತಿದ್ದುಪಡಿ ಹೊಂದಬಹುದು, ಹೊಂದಲಿ. ಎರಡನೆಯದಾಗಿ, ಕೆರೆ ಕೆಳಗೆ ತೋಟ ಮಾಡಿದವರಲ್ಲಿ ಹಿರಿಯರು ಇನ್ನೂ ಇದ್ದಾರೆ. ಅವರ ಬಳಿಗೆ ಹೋಗಿ ಅವರ ಮಾತುಗಳನ್ನೂ ಬೆಳೆಗಳ ಹೆಸರುಗಳನ್ನೂ ನೀರು ಹಂಚಿಕೊಂಡ ಕ್ರಮವನ್ನೂ ಬರೆದುಕೊಳ್ಳುವ ಕೆಲಸ ತಡಮಾಡದೆ ಆಗಬೇಕು. ಇದು ಭಾಷಾಶಾಸ್ತ್ರದ ಕೆಲಸವೂ ಹೌದು, ಕೃಷಿಯ ಕೆಲಸವೂ ಹೌದು.

ಹಿಂದಿನವರು ಹಿತ್ತಲ ಗಿಡವನ್ನು ಮದ್ದಲ್ಲವೆಂದು ಕಡೆಗಣಿಸಿದರು. ಇಂದಿನವರು ಅದೇ ಗಿಡವನ್ನು ತಾರಸಿಗೆ ಏರಿಸಿ ನಗರದ ಸರ್ವರೋಗಕ್ಕೂ ಮದ್ದೆನ್ನುತ್ತಿದ್ದಾರೆ. ಎರಡೂ ಅಳತೆ ತಪ್ಪಿದ ಮಾತುಗಳು. ಅದು ಪಲ್ಯಕ್ಕೆ ಸಾಕು, ಪಾಠಕ್ಕೆ ಬೇಕು. ಊಟಕ್ಕೆ ಮಾತ್ರ ನೆಲವೂ ಕೆರೆಯೂ ಅವುಗಳನ್ನು ಬಲ್ಲ ಒಕ್ಕಲಿಗನೂ ಉಳಿಯಬೇಕು.